ದೊಡ್ಡ ಸಾಹೇಬರ ಮೊಗ್ಗು

ಎಲ್ಲ ರಾಮಾಯಣಕ್ಕೂ ಕಾರಣ ಒಂದು ಮೊಗ್ಗು. ಕಡಲೆಕಾಳಿಗಿಂತ ತುಸು ದಪ್ಪ, ಹಸಿರಾಗಬೇಕೋ ನೇರಳೆಯಾಗಬೇಕೋ ಎಂದು ಇನ್ನೂ ತೀರ್ಮಾನಿಸದ ಮೊಗ್ಗು. ಬೇರೆ ಯಾವುದಾದರೂ ಬಡಪಾಯಿ ಗಿಡದಲ್ಲಿ ಬಿಟ್ಟಿದ್ದರೆ ಅರಳಿ, ಬಾಡಿ, ಉದುರಿ ತನ್ನ ಪಾಡಿಗೆ ತಾನು ಹೋಗುತ್ತಿತ್ತು. ಆದರೆ ಅದು ಬಿಟ್ಟಿದ್ದು ದೊಡ್ಡ ಸಾಹೇಬರ ಆರ್ಕಿಡ್ ಗಿಡದಲ್ಲಿ. ಸಾಹೇಬರು ಈ ಆಫೀಸಿನಲ್ಲಿ ಇದ್ದಷ್ಟು ಕಾಲವೂ ಆ ಗಿಡ ಒಂದು ಹೂವನ್ನೂ ಬಿಡದೆ ಮುಖ ಊದಿಸಿಕೊಂಡು ಕೂತಿತ್ತು. ಅವರು ಬಡ್ತಿ ಪಡೆದು ದೂರದ ಕೇಂದ್ರ ಕಚೇರಿಗೆ ಹೋದರೋ ಇಲ್ಲವೋ, ಮೊಗ್ಗು ಬಿಟ್ಟಿತು. ಸಾಹೇಬರು ಹೋಗಲಿ ಎಂದು ಕಾಯುತ್ತಿದ್ದವರು ಆಫೀಸಿನಲ್ಲಿ ಇನ್ನೂ ಬಹಳ ಜನ ಇದ್ದರು. ಪಾಪ, ಅವರಿಗೆ ಅರಳಿ ತೋರಿಸುವ ಧೈರ್ಯ ಇರಲಿಲ್ಲ.

ಊರಿನ ಅಂಗಡಿಗಳ ತಕ್ಕಡಿ, ತೂಕದ ಕಲ್ಲುಗಳನ್ನೆಲ್ಲ ಪರೀಕ್ಷಿಸಿ ಮುದ್ರೆ ಒತ್ತುವ ಆಫೀಸು ಅದು. ಮೊಗ್ಗಿನ ಸುದ್ದಿಯನ್ನು ಸಾಹೇಬರ ಕಿವಿಗೆ ಮುಟ್ಟಿಸಿದ ಪುಣ್ಯಾತ್ಮ ಹೆಡ್‌ಕ್ಲರ್ಕ್. ಮೇಲಿನವರಿಗೆ ಸಂತೋಷದ ಸುದ್ದಿ ಮುಟ್ಟಿಸುವುದರಲ್ಲಿ ಆತನನ್ನು ಮೀರಿಸಿದವರಿಲ್ಲ. ಆ ಸಂತೋಷದಿಂದ ಹುಟ್ಟುವ ಕೆಲಸವನ್ನು ಬೇರೆಯವರ ತಲೆಗೆ ಕಟ್ಟುವುದರಲ್ಲಂತೂ ಕೇಳಲೇಬೇಡಿ.

"ಆ ಹೂವು ನನ್ನ ಟೇಬಲ್ ಮೇಲೇ ಅರಳ್ಬೇಕು ಕಣ್ರೀ," ಎಂದರು ಸಾಹೇಬರು ಫೋನಿನಲ್ಲಿ. "ಕೊರಿಯರ್ ಗಿರಿಯರ್ ಬೇಡ. ಬಸ್ಸಲ್ಲಿ ತಂದ್ರೆ ಬೆಂದುಹೋಗತ್ತೆ. ವಿಮಾನದಲ್ಲಿ, ಯಾರಾದ್ರೂ ಕೈಯಲ್ಲೇ ಹಿಡ್ಕೊಂಡು ಬರ್ಲಿ. ಮೊಗ್ಗು ಉದುರಕೂಡ್ದು. ಯಾರನ್ನ ಕಳಿಸ್ತೀರಿ?"

ಯಾರನ್ನು ಎಂಬ ಪ್ರಶ್ನೆಯೇ ಏಳಲಿಲ್ಲ. ಹೆಡ್‌ಕ್ಲರ್ಕ್ ಕತ್ತು ತಿರುಗಿಸಿ ನೋಡಿದ. ಮೂಲೆಯ ಟೇಬಲಿನಲ್ಲಿ ಆಯ್ತಪ್ಪ ಕೂತಿದ್ದ.

ಆಯ್ತಪ್ಪ ಎನ್ನುವುದು ಹೆತ್ತವರು ಇಟ್ಟ ಹೆಸರಲ್ಲ. ಯಾರು ಏನು ಕೇಳಿದರೂ "ಆಯ್ತು" ಎನ್ನುವ ಮನುಷ್ಯನಿಗೆ ಆಫೀಸು ಕೊಟ್ಟ ಬಿರುದು. ನನ್ನ ಬದಲು ಭಾನುವಾರ ಬರ್ತೀರಾ? ಆಯ್ತು. ಈ ಕಬ್ಬಿಣದ ತೂಕದ ಕಲ್ಲುಗಳನ್ನೆಲ್ಲ ಮೇಲಿನ ಮಹಡಿಗೆ ಹೊರ್ತೀರಾ? ಆಯ್ತು. ಜೀವನದಲ್ಲಿ ಒಂದು ಸಲ "ಆಗಲ್ಲ" ಅಂದಿದ್ದರೆ ಈ ಕತೆ ಬರೆಯುವ ಕಷ್ಟ ನನಗೂ ತಪ್ಪುತ್ತಿತ್ತು.

ಆದರೆ ಈ ಸಲ ಅವನು ಆಯ್ತು ಅಂದಿದ್ದಕ್ಕೆ ಒಂದು ಬಲವಾದ ಕಾರಣವಿತ್ತು. ಅವನ ಹೆಂಡತಿ, ಕೇಂದ್ರ ಕಚೇರಿ ಇರುವ ಆ ದೂರದ ಊರಿನ ಆಸ್ಪತ್ರೆಯಲ್ಲಿ ನರ್ಸು. ಎರಡನೇ ಕ್ಲಾಸಿನ ಮಗಳೂ ಅಲ್ಲೇ. ಇವನು ಇಲ್ಲಿ ಬಾಡಿಗೆ ಕೋಣೆಯಲ್ಲಿ ಒಬ್ಬನೇ ಅನ್ನ ಸೀಯಿಸಿಕೊಂಡು ತಿನ್ನುತ್ತಿದ್ದ. ತಿಂಗಳಿಗೊಮ್ಮೆ ಹೋದರೆ ಮಗಳು ಮೊದಲ ಅರ್ಧ ದಿನ ನಾಚಿಕೊಂಡು ಬಾಗಿಲ ಹಿಂದೆ ನಿಲ್ಲುತ್ತಿದ್ದಳು. ನಾಚಿಕೆ ಬಿಟ್ಟು ಹತ್ತಿರ ಬರುವ ಹೊತ್ತಿಗೆ ಇವನು ಹೊರಡಬೇಕಾಗುತ್ತಿತ್ತು. "ಇನ್ನೊಂದು ವರ್ಷ ಹೀಗೇ ಆದ್ರೆ ಅವಳು ನಿಮ್ಮನ್ನ ಅಂಕಲ್ ಅಂತಾಳೆ, ನೋಡ್ತಿರಿ," ಎಂದು ಹೆಂಡತಿ ನಕ್ಕಿದ್ದಳು. ಆಯ್ತಪ್ಪನಿಗೆ ನಗು ಬಂದಿರಲಿಲ್ಲ. ಅವನ ವರ್ಗಾವಣೆಯ ಅರ್ಜಿ ಈಗ ದೊಡ್ಡ ಸಾಹೇಬರ ಕೈಯಲ್ಲಿತ್ತು. ಸಾಹೇಬರು ಫೋನಿನಲ್ಲಿ ಅವನ ಹತ್ತಿರ ಬಾಯಿಬಿಟ್ಟೇ ಹೇಳಿದರು: "ಮೊಗ್ಗು ನೆಟ್ಟಗೆ ಬಂದು ಸೇರ್ಲಿ, ನಿಮ್ಮ ವರ್ಗಾವಣೆ ವಿಷಯ ಇಲ್ಲೇ ಕೂತು ತೀರ್ಮಾನ ಮಾಡೋಣ."

ಅಂದರೆ ಮೊಗ್ಗು ಉಳಿದರೆ ಸಂಸಾರ, ಉದುರಿದರೆ ಸೀದ ಅನ್ನ.

ಹೊರಡುವ ದಿನ ಬೆಳಿಗ್ಗೆ ಗಿಡ ತೆಗೆದುಕೊಳ್ಳಲು ಆಫೀಸಿಗೆ ಬಂದರೆ, ಮುದ್ರೆ ಹಾಕಿಸಿಕೊಳ್ಳಲು ಕಾದಿದ್ದ ಅಂಗಡಿಯವರನ್ನೆಲ್ಲ ಹೊರಗೆ ನಿಲ್ಲಿಸಿ ಹೆಡ್‌ಕ್ಲರ್ಕ್ ಸಭೆ ಸೇರಿಸಿಬಿಟ್ಟಿದ್ದ. ಆ ಇಡೀ ಆಫೀಸಿನಲ್ಲಿ ವಿಮಾನ ಹತ್ತಿದವನು ಅವನೊಬ್ಬನೇ. ಅದೂ ಒಂದೇ ಸಲ. ಆ ಒಂದು ಸಲದ ಬಗ್ಗೆ ಅವನು ಆಡಿದ ಮಾತುಗಳನ್ನು ಸಾಲಾಗಿ ಜೋಡಿಸಿದ್ದರೆ ವಿಮಾನ ಹೋದ ದೂರಕ್ಕಿಂತ ಉದ್ದವಾಗುತ್ತಿತ್ತು.

"ಗಿಡ ಬಿಡೋದಿಲ್ಲ ಕಣಯ್ಯ," ಎಂದ ಹೆಡ್‌ಕ್ಲರ್ಕ್, ತೀರ್ಪು ಕೊಡುವವನ ಗತ್ತಿನಲ್ಲಿ.

ಆಯ್ತಪ್ಪ ಗಿಡದ ಕಡೆ ನೋಡಿದ. "ಬಿಡೋದಿಲ್ವಾ? ವಿಮಾನದಲ್ಲಾ?"

"ನನ್ನ ಕೈಲಿದ್ದ ನೀರಿನ ಬಾಟಲಿ ಕಿತ್ಕೊಂಡ್ರು. ನೀರೇ ಬಿಡದವರು ಗಿಡ ಬಿಡ್ತಾರಾ? ಗಿಡದಲ್ಲಿ ನೀರಿಲ್ವಾ? ನೀನೇ ಹೇಳು."

ಈ ತರ್ಕಕ್ಕೆ ಎಲ್ಲರೂ ತಲೆದೂಗಿದರು. ಒಂದು ಫೋನ್ ಮಾಡಿ ವಿಮಾನ ನಿಲ್ದಾಣದವರನ್ನೇ ಕೇಳಬಹುದಿತ್ತು. ಆದರೆ ವಿಮಾನ ಹತ್ತಿದ ಮನುಷ್ಯ ಕಣ್ಣೆದುರಿಗೆ ನಿಂತಿರುವಾಗ ಫೋನ್ ಮಾಡುವುದೆಂದರೆ ಅವನಿಗೆ ಅವಮಾನ. ಹೆಡ್‌ಕ್ಲರ್ಕನಿಗೆ ಅವಮಾನ ಮಾಡಿ ಆ ಆಫೀಸಿನಲ್ಲಿ ರಜೆ ಪಡೆದವರಿಲ್ಲ.

"ಹಾಗಾದ್ರೆ ಬಚ್ಚಿಟ್ಕೊಂಡು ಹೋಗ್ಲಿ," ಎಂದಳು ಟೈಪಿಸ್ಟ್ ಅಕ್ಕ. ಆಕೆಗೆ ಕೈಕೆಲಸ ಎಂದರೆ ಪ್ರಾಣ. ಆಫೀಸಿನಲ್ಲಿ ಯಾರಿಗೆ ಏನು ಕೊಡುವುದಿದ್ದರೂ ಅದಕ್ಕೆ ಬಣ್ಣದ ಕಾಗದ ಸುತ್ತಿ ರಿಬ್ಬನ್ ಕಟ್ಟುವವಳು ಆಕೆಯೇ. ಒಳಗಿನಿಂದ ಒಂದು ಎತ್ತರದ ಕೇಕಿನ ಡಬ್ಬಿ ತಂದಳು. "ಮೂರಂತಸ್ತಿನ ಕೇಕ್ ಬರತ್ತಲ್ಲ, ಅದರ ಡಬ್ಬಿ ಇದು. ಗಿಡ ನಿಂತ್ಕೊಳ್ಳತ್ತೆ. ಮೇಲೆ ರಿಬ್ಬನ್ ಕಟ್ಟಿಕೊಡ್ತೀನಿ. ಹುಟ್ಟಿದ ಹಬ್ಬದ ಕೇಕು ಅಂದ್ಬಿಡಿ, ಕಲ್ಲು ಹೃದಯದವನೂ ಬಿಡ್ತಾನೆ."

"ಆಯ್ತಕ್ಕ," ಎಂದ ಆಯ್ತಪ್ಪ.

ಅಲ್ಲಿಂದ ಎಲ್ಲರ ಕೈಗೂ ಕೆಲಸ ಬಂತು. ಆರ್ಕಿಡ್ ಮಣ್ಣಿನಲ್ಲಿ ಬೆಳೆಯುವ ಗಿಡವಲ್ಲ. ಸಾಹೇಬರು ಅದನ್ನು ಕುಂಡದಲ್ಲಿ ಇದ್ದಿಲ ಚೂರುಗಳ ಮಧ್ಯೆ ನೆಟ್ಟಿದ್ದರು. ದಾರಿಯಲ್ಲಿ ಅಲುಗಾಡಬಾರದೆಂದು ಒಬ್ಬ ಇನ್ನಷ್ಟು ಇದ್ದಿಲು ಒತ್ತಿ ತುಂಬಿದ. ಮತ್ತೊಬ್ಬ ಮೊಗ್ಗಿನ ತೊಟ್ಟಿಗೆ ಆಸರೆಯಾಗಿ ಕಬ್ಬಿಣದ ಸರಳು ಚುಚ್ಚಿ ತಾಮ್ರದ ತಂತಿ ಬಿಗಿದ. ಬಾಡಿದ ಎಲೆ ಕತ್ತರಿಸಲು ಕತ್ತರಿ. ಚಿಮುಕಿಸಲು ನೀರಿನ ಬಾಟಲಿ. ಕೊನೆಗೆ ಹೆಡ್‌ಕ್ಲರ್ಕ್, ತಾನೇನು ಕಡಿಮೆಯೆಂದು, ತನ್ನ ಮನೆಯ ಹೂಕುಂಡಗಳಿಗೆ ಹಾಕುವ ಗೊಬ್ಬರವನ್ನು ಒಂದು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಡಬ್ಬಿಯ ತಳಕ್ಕೆ ತುರುಕಿದ. ನುಣ್ಣನೆಯ ಬಿಳಿ ಪುಡಿ.

"ಇದನ್ನ ನನ್ನ ಕಾಣಿಕೆ ಅಂತ ಸಾಹೇಬರಿಗೆ ಕೊಡು. ಹೆಸರು ಹೇಳೋದು ಮರೀಬೇಡ," ಎಂದ.

ಒಟ್ಟಿನಲ್ಲಿ ಕಪ್ಪು ಉಂಡೆ, ಬಿಳಿ ಪುಡಿ, ತಾಮ್ರದ ತಂತಿ, ಕಬ್ಬಿಣದ ಸರಳು ಎಲ್ಲವನ್ನೂ ಒಂದೇ ಡಬ್ಬಿಯಲ್ಲಿ ಒತ್ತೊತ್ತಾಗಿ ತುಂಬಿ, ಮೇಲೆ ಗುಲಾಬಿ ರಿಬ್ಬನ್ ಕಟ್ಟಿ, ಸರ್ಕಾರಿ ನೌಕರನೊಬ್ಬನನ್ನು ವಿಮಾನ ನಿಲ್ದಾಣಕ್ಕೆ ಕಳಿಸಿಕೊಟ್ಟರು. ಎಲ್ಲರೂ ಬಾಗಿಲ ತನಕ ಬಂದು ಕೈ ಬೀಸಿದರು. ಅಷ್ಟು ಒಳ್ಳೆಯ ಜನ.

ವಿಮಾನ ನಿಲ್ದಾಣದಲ್ಲಿ ತಪಾಸಣೆಯ ಸಾಲು ಹಾವಿನಂತೆ ಸುತ್ತಿಕೊಂಡಿತ್ತು. ಆಯ್ತಪ್ಪ ಡಬ್ಬಿಯನ್ನು ಎರಡೂ ಕೈಯಲ್ಲಿ ಎದೆಯ ಎತ್ತರಕ್ಕೆ ಹಿಡಿದು, ಉಸಿರು ಬಿಡಲೂ ಹೆದರಿಕೊಂಡು ನಿಂತಿದ್ದ. ಹಿಂದೆ ನಿಂತಿದ್ದ ಒಬ್ಬ ಅಜ್ಜಿ ಬಗ್ಗಿ ನೋಡಿದಳು.

"ಏನಪ್ಪ, ಕೇಕಾ?"

"ಹೂಂ ಅಜ್ಜಿ."

"ಯಾರ ಹುಟ್ಟಿದ ಹಬ್ಬ?"

ಈ ಪ್ರಶ್ನೆಯನ್ನು ಆಫೀಸಿನಲ್ಲಿ ಯಾರೂ ಅಭ್ಯಾಸ ಮಾಡಿಸಿರಲಿಲ್ಲ. "ಸಾಹೇಬರದ್ದು," ಎಂದು ಬಾಯಿಗೆ ಬಂದಿದ್ದು ಹೇಳಿಬಿಟ್ಟ.

"ಎಷ್ಟನೇದು?"

"ಒಂದು... ಒಂದನೇದು."

"ಸಾಹೇಬರಿಗೆ?" ಅಜ್ಜಿಯ ಕಣ್ಣು ಅಗಲವಾಯಿತು. "ಈಗಿನ ಕಾಲದಲ್ಲಿ ಎಂಥೆಂಥ ವಯಸ್ಸಿಗೆ ಕೆಲಸ ಕೊಡ್ತಾರಪ್ಪ!" ಎಂದು ತನ್ನಷ್ಟಕ್ಕೇ ಹೇಳಿಕೊಂಡಳು. ಆಮೇಲೆ ಡಬ್ಬಿಗೆ ಮೂಗು ಹಚ್ಚಿ ಮೂಸಿದಳು. "ಕೇಕಿಂದು ವಾಸನೇನೇ ಬರ್ತಿಲ್ವಲ್ಲೋ. ಹಳಸಿದ್ದು ಕೊಟ್ಟಿದಾರೆ ನಿಂಗೆ."

ಅಷ್ಟರಲ್ಲಿ ಅವನ ಸರದಿ ಬಂತು. ಡಬ್ಬಿ ಎಕ್ಸ್‌ರೇ ಯಂತ್ರದ ಬೆಲ್ಟಿನ ಮೇಲೆ ಕೂತು, ರಬ್ಬರಿನ ಪರದೆಯೊಳಗೆ ಮೆಲ್ಲಗೆ ಮಾಯವಾಯಿತು. ಬೆಲ್ಟು ನಿಂತಿತು. ತೆರೆಯ ಮುಂದೆ ಕೂತಿದ್ದ ಹೆಂಗಸು ಮುಂದಕ್ಕೆ ಬಗ್ಗಿದಳು. ಪಕ್ಕದವನನ್ನು ಕರೆದಳು. ಪಕ್ಕದವನು ಮತ್ತೊಬ್ಬನನ್ನು ಕರೆದ. ಎಲ್ಲರೂ ಒಟ್ಟಿಗೆ ತೆರೆಯನ್ನು ನೋಡಿದರು, ಆಮೇಲೆ ಒಟ್ಟಿಗೆ ಆಯ್ತಪ್ಪನನ್ನು ನೋಡಿದರು.

"ಈ ಡಬ್ಬಿ ಯಾರದ್ದು?" ಎಂದು ಒಬ್ಬ ದಪ್ಪ ಮೀಸೆಯ ಅಧಿಕಾರಿ ಕೇಳಿದ.

ಸಾಲಿನಲ್ಲಿದ್ದವರೆಲ್ಲ ಎರಡು ಹೆಜ್ಜೆ ಹಿಂದೆ ಸರಿದರು. ಆಯ್ತಪ್ಪ ಸರಿಯಲಿಲ್ಲ, ಕಾಲು ಏಳಲಿಲ್ಲ ಅಷ್ಟೆ. ಸುತ್ತ ಖಾಲಿಯಾದ ಜಾಗದಲ್ಲಿ ಅವನೊಬ್ಬನೇ ಉಳಿದಿದ್ದರಿಂದ ಮಾಲೀಕ ಯಾರೆಂದು ಹುಡುಕುವ ಕಷ್ಟ ಯಾರಿಗೂ ಬರಲಿಲ್ಲ.

"ಏನಿದೆ ಇದರಲ್ಲಿ?"

"ಕೇ... ಕೇಕು ಸಾರ್."

"ಕೇಕು." ಮೀಸೆ ಅಧಿಕಾರಿ ಮತ್ತೊಮ್ಮೆ ತೆರೆಯ ಕಡೆ ನೋಡಿದ. "ಕೇಕಲ್ಲಿ ತಂತಿ ಯಾಕಿದೆ?"

"ಅದು... ಕೇಕು ಬಾಗ್ಬಾರ್ದು ಅಂತ ಸಾರ್."

"ಕಬ್ಬಿಣದ ಸರಳು?"

"ಅದೂ ಅದಕ್ಕೇನೇ ಸಾರ್."

"ಕೇಕ್ ಕಟ್ಟಿಸಿದೀರೋ, ಮನೆ ಕಟ್ಟಿಸಿದೀರೋ?"

ಕೈಗವಸು ಹಾಕಿಕೊಂಡು, ಎಲ್ಲರನ್ನೂ ದೂರ ನಿಲ್ಲಿಸಿ, ಗುಲಾಬಿ ರಿಬ್ಬನ್ನನ್ನು ಅವರು ಬಿಚ್ಚಿದ ರೀತಿ ಟೈಪಿಸ್ಟ್ ಅಕ್ಕ ನೋಡಿದ್ದರೆ ಹೆಮ್ಮೆಪಡುತ್ತಿದ್ದಳು. ಆಕೆಯ ರಿಬ್ಬನ್ನಿಗೆ ಅಷ್ಟು ಮರ್ಯಾದೆ ಹಿಂದೆಂದೂ ಸಿಕ್ಕಿರಲಿಲ್ಲ. ಮುಚ್ಚಳ ತೆಗೆದರು. ಒಳಗಿಂದ ಗಿಡ ತಲೆಯೆತ್ತಿ ನೋಡಿತು.

"ಇದು ಗಿಡ," ಎಂದ ಅಧಿಕಾರಿ.

ಜೈಲು, ಕೆಲಸದಿಂದ ವಜಾ, ಮಗಳು ಶಾಲೆಯಲ್ಲಿ ತಲೆ ತಗ್ಗಿಸಿ ಕೂತಿರುವುದು, ಎಲ್ಲವೂ ಆಯ್ತಪ್ಪನ ಕಣ್ಣಮುಂದೆ ಓಡಿಹೋದವು. "ತಪ್ಪಾಯ್ತು ಸಾರ್," ಎಂದು ಎರಡೂ ಕೈ ಜೋಡಿಸಿದ. "ಗಿಡ ಬಿಡಲ್ಲ ಅಂತ ಗೊತ್ತಿತ್ತು. ಆದ್ರೂ ಬಚ್ಚಿಟ್ಟು ತಂದೆ."

"ಬಿಡಲ್ಲ ಅಂತ ಯಾರ್ರೀ ಹೇಳಿದ್ದು?"

"ಅಂದ್ರೆ?"

"ಗಿಡ ತಗೊಂಡು ಹೋಗಬಹುದಲ್ರೀ. ದಿನಾ ಎಷ್ಟು ಜನ ತಗೊಂಡು ಹೋಗ್ತಾರೆ. ಕೈಯಲ್ಲಿ ಹಿಡ್ಕೊಂಡು ಬಂದು ಗಿಡ ಅಂದಿದ್ರೆ ಮುಗೀತಿತ್ತು."

ಆಯ್ತಪ್ಪ ಆ ಕ್ಷಣದಲ್ಲಿ ಹೆಡ್‌ಕ್ಲರ್ಕನನ್ನು ನೆನೆಸಿಕೊಂಡ. ಏನೆಂದು ನೆನೆಸಿಕೊಂಡ ಎನ್ನುವುದನ್ನು ಮನೆಮಂದಿಯೆಲ್ಲ ಓದುವ ಕತೆಯಲ್ಲಿ ಬರೆಯಲು ಬರುವುದಿಲ್ಲ.

"ಗಿಡದ ತಕರಾರಿಲ್ಲ," ಎಂದು ಅಧಿಕಾರಿ ಮುಂದುವರಿಸಿದ. "ಗಿಡದ ಪರಿವಾರದ್ದೇ ತಕರಾರು." ಒಂದೊಂದಾಗಿ ಹೊರಗೆಳೆಯತೊಡಗಿದ. ಕತ್ತರಿ ಹೋಯಿತು. ನೀರಿನ ಬಾಟಲಿ ಹೋಯಿತು. ಸರಳು, ತಂತಿ ಹೋದವು. ಆಸರೆ ತಪ್ಪಿದ ಮೊಗ್ಗಿನ ತೊಟ್ಟು ಒಂದು ಕಡೆಗೆ ವಾಲಿತು. ಅದರ ಜೊತೆಗೆ ಆಯ್ತಪ್ಪನೂ ಅದೇ ಕಡೆಗೆ ವಾಲಿದ.

ಆಮೇಲೆ ಬಿಳಿ ಪುಡಿಯ ಚೀಲ ಹೊರಬಂತು. ಸುತ್ತ ನಿಂತವರೆಲ್ಲ ಇನ್ನೊಂದು ಹೆಜ್ಜೆ ಹಿಂದೆ ಸರಿದರು.

"ಇದೇನು?"

"ಗೊಬ್ಬರ ಸಾರ್. ಹೆಡ್‌ಕ್ಲರ್ಕ್ ಕಾಣಿಕೆ."

"ಯಾರ ಕಾಣಿಕೆ?"

"ಹೆಡ್‌ಕ್ಲರ್ಕ್ ಸಾರ್." ಆಯ್ತಪ್ಪ ಸ್ವಲ್ಪ ಯೋಚಿಸಿ, "ಹೆಸರು ಹೇಳೋದು ಮರೀಬೇಡ ಅಂದಿದ್ರು," ಎಂದು ಹೆಸರು, ವಿಳಾಸ, ಮನೆಗೆ ಹೋಗುವ ದಾರಿ ಎಲ್ಲವನ್ನೂ ಬಿಡಿಸಿ ಬಿಡಿಸಿ ಹೇಳಿದ. ಆ ದಿನ ಅವನಿಗೆ ಸಿಕ್ಕ ಸುಖ ಅದೊಂದೇ.

ಪುಡಿಯನ್ನು ಪರೀಕ್ಷೆಗೆ ಒಯ್ದರು. ಗೊಬ್ಬರವೇ ಎಂದು ಗೊತ್ತಾಗುವ ತನಕ ಆಯ್ತಪ್ಪ ಒಂದು ಸ್ಟೂಲಿನ ಮೇಲೆ ಗಿಡವನ್ನು ತೊಡೆಯಲ್ಲಿ ಇಟ್ಟುಕೊಂಡು ಕೂತಿದ್ದ. ಅಷ್ಟು ಹೊತ್ತಿಗೆ ಅವನ ವಿಮಾನಕ್ಕೆ ಕರೆ ಶುರುವಾಗಿತ್ತು.

"ಸರಿ, ಗೊಬ್ಬರವೇ," ಎಂದ ಅಧಿಕಾರಿ ವಾಪಸ್ ಬಂದು. "ಆದ್ರೆ ಪುಡಿ ಇಲ್ಲೇ ಇರ್ಲಿ. ಇನ್ನು ಈ ಇದ್ದಿಲು. ಇದು ಉರಿಯೋ ವಸ್ತು. ಬಿಡೋಕಾಗಲ್ಲ. ಸುರಿದುಬಿಡಿ."

"ಸುರಿದ್ರೆ ಬೇರು ಬರಿದಾಗತ್ತೆ ಸಾರ್. ಮೊಗ್ಗು ಉದುರತ್ತೆ."

"ಉದುರಿದ್ರೆ ಇನ್ನೊಂದು ಬಿಡತ್ತೆ ಕಣ್ರೀ."

ಆಗ ಆಯ್ತಪ್ಪ ಹುಟ್ಟಿದಾರಭ್ಯ ಹೇಳದ ಮಾತೊಂದನ್ನು ಹೇಳಿದ. "ಆಗಲ್ಲ ಸಾರ್."

ಹೇಳಿದ ಮೇಲೆ ಅವನಿಗೇ ಭಯವಾಯಿತು. ಕಣ್ಣಲ್ಲಿ ನೀರು ಬಂತು. ಬಾಯಿ ನಿಲ್ಲಲಿಲ್ಲ. ಹೆಂಡತಿ ಅಲ್ಲಿ, ತಾನಿಲ್ಲಿ. ಮಗಳು ಬಾಗಿಲ ಹಿಂದೆ ನಿಲ್ಲುವುದು. ಅರ್ಜಿ, ಸಾಹೇಬರು, ಮೊಗ್ಗು. ಒಂದಕ್ಕೊಂದು ಹೆಣೆದುಕೊಂಡು ಎಲ್ಲ ಹೊರಗೆ ಬಂತು. "ಈ ಮೊಗ್ಗು ಉದುರಿದ್ರೆ ನನ್ನ ಮಗಳು ನನ್ನನ್ನ ಅಂಕಲ್ ಅಂತಾಳೆ ಸಾರ್," ಎಂದು ಮುಗಿಸಿದ.

ಮೀಸೆ ಅಧಿಕಾರಿ ಮುಖ ಆಚೆ ತಿರುಗಿಸಿದ. "ನನ್ನ ಹೆಂಡ್ತಿ ಇರೋದೂ ಬೇರೆ ಊರಲ್ಲೇ ಕಣ್ರೀ," ಎಂದ ಮೆಲ್ಲಗೆ. "ಅರ್ಜಿ ಹಾಕಿ ಎಷ್ಟು ಕಾಲ ಆಯ್ತೋ." ತೆರೆಯ ಮುಂದೆ ಕೂತಿದ್ದ ಹೆಂಗಸು ಮೂಗು ಒರೆಸಿಕೊಂಡು, "ನಮ್ಮನೆಯವ್ರದ್ದೂ ಅದೇ ಕತೆ ಸಾರ್," ಎಂದಳು. ನೋಡಿದರೆ ಆ ಯಂತ್ರದ ಸುತ್ತ ನಿಂತಿದ್ದವರಲ್ಲಿ ವರ್ಗಾವಣೆಗೆ ಅರ್ಜಿ ಹಾಕದವರು ಒಬ್ಬರೂ ಇರಲಿಲ್ಲ. ಸೀಯುವ ಅನ್ನದ ವಾಸನೆ ಗೊತ್ತಿದ್ದವರೇ ಎಲ್ಲ.

ಅಲ್ಲಿಂದ ಮುಂದೆ ಕೆಲಸ ಕಾನೂನಿನ ಪ್ರಕಾರವೇ ನಡೆಯಿತು, ಆದರೆ ಬೇರೆ ರೀತಿಯಲ್ಲಿ. ಇದ್ದಿಲನ್ನು ಒಬ್ಬ ಚೂರು ಚೂರಾಗಿ, ಮಗುವಿನ ಕಾಲಿನ ಮುಳ್ಳು ತೆಗೆದಂತೆ ತೆಗೆದ. ಅಜ್ಜಿ ತನ್ನ ಹತ್ತಿಯ ಕರವಸ್ತ್ರ ಒದ್ದೆ ಮಾಡಿ ಬೇರಿಗೆ ಸುತ್ತಿ ಮತ್ತೆ ಕುಂಡದಲ್ಲಿ ಕೂರಿಸಿದಳು. ತೆರೆಯ ಮುಂದಿನ ಹೆಂಗಸು ತನ್ನ ಜಡೆಗೆ ಕಟ್ಟಿದ್ದ ಮೆತ್ತನೆಯ ಪಟ್ಟಿ ಬಿಚ್ಚಿ, ಪೆನ್ಸಿಲೊಂದಕ್ಕೆ ತೊಟ್ಟನ್ನು ಆನಿಸಿ ನಿಲ್ಲಿಸಿ ಕಟ್ಟಿದಳು. ಹಿಂದೆ ಸಾಲು ಬಾಗಿಲಿನಿಂದ ಹೊರಗೆ ಹೋಗಿತ್ತು. ಯಾರೋ ಕೂಗಾಡಿದರೆ ಮೀಸೆ ಅಧಿಕಾರಿ, "ಸ್ವಲ್ಪ ತಡ್ಕೊಳ್ರೀ, ಒಂದು ಸಂಸಾರ ಕಟ್ತಾ ಇದೀವಿ ಇಲ್ಲಿ," ಎಂದು ಗದರಿದ.

"ಕೇಕು ಅಂತ ನನ್ನ ಹತ್ರ ಸುಳ್ಳು ಹೇಳಿದ್ಯಲ್ಲೋ," ಎಂದು ಅಜ್ಜಿ ಆಯ್ತಪ್ಪನ ತೋಳಿಗೆ ಮೆಲ್ಲಗೆ ಗುದ್ದಿದಳು. "ಹೋಗು, ಓಡು. ಮೊಗ್ಗು ಜೋಪಾನ."

ಓಡಿದ. ಓಡಿದರೆ ಮೊಗ್ಗು ಅಲುಗುತ್ತದೆಂದು ನೆನಪಾಗಿ ನಡೆದ. ನಡೆದರೆ ವಿಮಾನ ತಪ್ಪುತ್ತದೆಂದು ನೆನಪಾಗಿ, ಸೊಂಟದ ಮೇಲೆ ಅಲುಗಾಡದೆ ಸೊಂಟದ ಕೆಳಗೆ ಮಾತ್ರ ಓಡುವ ಒಂದು ವಿಚಿತ್ರ ಓಟ ಕಂಡುಹಿಡಿದ. ತುಂಬಿದ ಕೊಡ ಹೊತ್ತು ನಾಯಿಗೆ ಹೆದರಿ ಓಡುವವರನ್ನು ನೀವು ನೋಡಿದ್ದರೆ ಬಿಡಿಸಿ ಹೇಳಬೇಕಾಗಿಲ್ಲ.

ವಿಮಾನದಲ್ಲಿ ಅವನ ಪಕ್ಕದ ಸೀಟಿನಲ್ಲಿ ಕೋಟು ತೊಟ್ಟ ಒಬ್ಬ ದೊಡ್ಡ ಮನುಷ್ಯ ಕೂತಿದ್ದ. ಗಿಡ ನೋಡಿದ್ದೇ ಅವನ ಮೂಗು ಕೆಂಪಗಾಯಿತು.

"ನನಗೆ ಹೂವು ಆಗಿಬರಲ್ಲ," ಎಂದ ಅವನು.

"ಇನ್ನೂ ಹೂವಾಗಿಲ್ಲ ಸಾರ್, ಮೊಗ್ಗು."

"ಮೂಗಿಗೆ ಅದೆಲ್ಲ ಗೊತ್ತಾಗತ್ತಾ?" ಎಂದ ಕೋಟಿನವನು. ತಲೆ ಹಿಂದಕ್ಕೆ ವಾಲಿಸಿ, ಕಣ್ಣು ಮುಚ್ಚಿ, ಬಾಯಿ ತೆರೆದ. ದೊಡ್ಡದೊಂದು ಸೀನು ಸಿದ್ಧವಾಗುತ್ತಿತ್ತು. ಮೊಗ್ಗು ಅದರ ನೇರಕ್ಕೇ ಇತ್ತು.

ಆಯ್ತಪ್ಪ ಯೋಚಿಸಲಿಲ್ಲ. ಬಲಗೈ ತಾನಾಗಿಯೇ ಹೋಗಿ ಆ ಅಪರಿಚಿತನ ಮೂಗನ್ನು ಗಟ್ಟಿಯಾಗಿ ಹಿಡಿದುಕೊಂಡಿತು.

ಇಡೀ ವಿಮಾನ ತಿರುಗಿ ನೋಡಿತು. ಗಗನಸಖಿ ಓಡಿ ಬಂದಳು. "ಸಾರ್, ದಯವಿಟ್ಟು ಅವರ ಮೂಗು ಬಿಡಿ," ಎಂದು, ಸೀಟ್ ಬೆಲ್ಟ್ ಹಾಕಿಕೊಳ್ಳಿ ಎನ್ನುವಾಗ ಇರುವ ಅದೇ ನಗುಮುಖದಲ್ಲಿ ಹೇಳಿದಳು. ಆಮೇಲೆ ಕೋಟಿನವನನ್ನು ಮುಂದಿನ ಸಾಲಿಗೆ ಕಳಿಸಿದಳು. ಗಿಡವನ್ನು ಎದುರಿನ ಸೀಟಿನ ಅಡಿಗೆ ಇಡಿಸಿದಳು. ದಾರಿಯುದ್ದಕ್ಕೂ ಆಯ್ತಪ್ಪ ಬಗ್ಗಿ, ತಲೆಯನ್ನು ಮೊಣಕಾಲುಗಳ ಮಧ್ಯೆ ಇಟ್ಟುಕೊಂಡು ಮೊಗ್ಗನ್ನೇ ನೋಡುತ್ತ ಕೂತ. ಇವನಿಗೆ ವಿಮಾನ ಅಂದ್ರೆ ಭಯವಿರಬೇಕು ಎಂದು ಆಚೆ ಬದಿಯ ಹೆಂಗಸು ಕನಿಕರದಿಂದ ಬೆನ್ನು ಸವರಿದಳು. ಮೋಡ, ಆಕಾಶ, ಕಿಟಕಿ ಯಾವುದನ್ನೂ ಅವನು ನೋಡಲಿಲ್ಲ. ಮುಂದೆ ಆಫೀಸಿನಲ್ಲಿ ಹೆಡ್‌ಕ್ಲರ್ಕನಂತೆ ಮಾತಾಡುವ ಹಕ್ಕು ಸಿಕ್ಕರೂ ಮಾತಾಡಲು ಅವನ ಹತ್ತಿರ ಏನೂ ಇರಲಿಲ್ಲ.

ಇಳಿದ ಕೂಡಲೇ ಹೆಂಡತಿಯ ಫೋನು. "ಬಂದ್ರಾ? ಮನೆಗೆ ಬಂದು ಕಾಫಿ ಕುಡಿದು ಹೋಗಿ. ಇವಳು ಬೆಳಿಗ್ಗೆಯಿಂದ ಬಾಗಿಲಲ್ಲೇ ಕೂತಿದಾಳೆ."

"ಮೊದಲು ಮೊಗ್ಗು ಕಣೆ. ಅದನ್ನ ಒಪ್ಪಿಸಿ ಬಂದ್ಬಿಡ್ತೀನಿ. ಆಮೇಲೆ ಇರೋದೇ ಅಲ್ವಾ, ದಿನಾ."

ಟ್ಯಾಕ್ಸಿ ಅವನ ಮನೆಯ ಬೀದಿಯ ಮುಂದೆಯೇ ಹಾದುಹೋಯಿತು. ದೂರದಲ್ಲಿ ಮೆಟ್ಟಿಲ ಮೇಲೆ ಹಳದಿ ಫ್ರಾಕು ಕಂಡಂತಾಯಿತು. ನಿಲ್ಲಿಸಿ ಎನ್ನಬೇಕೆಂದು ಬಾಯಿಗೆ ಬಂತು. ಮೊಗ್ಗಿನ ಕಡೆ ನೋಡಿ ನುಂಗಿಕೊಂಡ.

ಕೇಂದ್ರ ಕಚೇರಿಯಲ್ಲಿ ದೊಡ್ಡ ಸಾಹೇಬರ ಕೋಣೆಯ ಹೊರಗೆ ಒಬ್ಬ ಆಪ್ತ ಸಹಾಯಕ ಕೂತಿದ್ದ. ಬೋಳುತಲೆ, ಸುಖವಾದ ಮುಖ, ಪಕ್ಕದಲ್ಲಿ ಮನೆಯಿಂದ ಬಂದ ಬುತ್ತಿ. ಗಿಡ ನೋಡಿದ್ದೇ ಅವನ ಹುಬ್ಬು ಮೇಲೇರಿತು. ಏನೋ ಹೇಳಹೊರಟ. ಅಷ್ಟರಲ್ಲಿ ಒಳಗಿಂದ ಗಂಟೆಯ ಸದ್ದಾಯಿತು.

ಸಾಹೇಬರು ಕುರ್ಚಿಯಿಂದ ಎದ್ದೇ ಬಂದರು. ಗಿಡವನ್ನು ಟೇಬಲ್ ಮೇಲೆ ಇಡಿಸಿ, ಕನ್ನಡಕ ಏರಿಸಿ, ಸುತ್ತ ಒಂದು ಪ್ರದಕ್ಷಿಣೆ ಹಾಕಿದರು. ಮೊಗ್ಗನ್ನು ಮುಟ್ಟದೆ ಬೆರಳ ತುದಿಯನ್ನು ಅದರ ಹತ್ತಿರ ಒಯ್ದು ಹಿಂದೆ ತಂದರು.

"ಉದುರಿಲ್ಲ," ಎಂದರು. ಅವರ ದನಿ ನಡುಗಿತು.

"ಇಲ್ಲ ಸಾರ್."

"ವಿಮಾನದಲ್ಲಿ, ತಪಾಸಣೆ ದಾಟಿ, ಹೀಗೆ ತಂದಿದೀರಲ್ರೀ! ಇಷ್ಟು ಜನ ಇದ್ದಾರೆ ಇಲಾಖೆಯಲ್ಲಿ, ಒಬ್ಬನೂ ಇಂಥವನಿಲ್ಲ." ಡ್ರಾಯರ್ ಎಳೆದು ಒಂದು ಕಾಗದ ತೆಗೆದರು. "ನೋಡಿ, ನಿಮ್ಮ ವರ್ಗಾವಣೆ ಆರ್ಡರು. ಟೈಪ್ ಮಾಡಿಸಿ ಇಟ್ಟಿದ್ದೆ. ಸಹಿ ಒಂದು ಬಾಕಿ."

ಆಯ್ತಪ್ಪನ ಕಣ್ಣಿಗೆ ಆ ಕಾಗದ ಬಿಟ್ಟು ಬೇರೇನೂ ಕಾಣಿಸಲಿಲ್ಲ. ಅದರಾಚೆ ಹಳದಿ ಫ್ರಾಕು, ಬಿಸಿ ಅನ್ನ, ಭಾನುವಾರ.

ಸಾಹೇಬರು ಪೆನ್ನು ಕೈಗೆತ್ತಿಕೊಂಡರು. ಮೊಗ್ಗಿನ ಕಡೆ ನೋಡಿದರು. ಪೆನ್ನು ಕೆಳಗಿಟ್ಟರು.

"ಆದ್ರೆ ಒಂದು ಯೋಚನೆ ಬಂತು ಕಣ್ರೀ. ನನ್ನ ಹಳೆ ಕ್ವಾರ್ಟರ್ಸ್ ಹಿತ್ತಲಲ್ಲಿ ಇವಳ ಅಕ್ಕತಂಗಿಯರು ಇದ್ದಾರೆ. ಒಂದು ಗೋಡೆ ತುಂಬ. ಯಾರ ಕೈಗೆ ಕೊಡೋದು ಅಂತ ಇಷ್ಟು ದಿನ ನಿದ್ದೆ ಬಂದಿರಲಿಲ್ಲ. ವಿಮಾನದಲ್ಲಿ ಒಬ್ಬರಿಗೆ ಒಂದೇ ಕೈಸಾಮಾನು ಅಲ್ವಾ? ಒಂದು ಸಲಕ್ಕೆ ಒಂದು ತನ್ನಿ. ಅವಸರ ಏನಿಲ್ಲ. ನಿಮ್ಮನ್ನ ಇಲ್ಲಿಗೆ ಹಾಕ್ಕೊಂಡ್ರೆ ಅಲ್ಲಿಂದ ತರೋರು ಯಾರು? ಎಲ್ಲ ಬಂದ ಮೇಲೆ ಆರ್ಡರ್ ವಿಷಯ ನೋಡೋಣ. ಏನಂತೀರಿ?"

ಬೆಳಿಗ್ಗೆ ಒಂದೇ ಒಂದು "ಆಗಲ್ಲ" ಹೇಳಿದ್ದರಲ್ಲಿ ಆಯ್ತಪ್ಪನ ಸಂಗ್ರಹ ಖಾಲಿಯಾಗಿತ್ತು. ಬಾಯಿ ತೆರೆದ, ಮುಚ್ಚಿದ. ಅದನ್ನು ಒಪ್ಪಿಗೆ ಎಂದು ತಿಳಿದ ಸಾಹೇಬರು ಸಂತೋಷದಿಂದ ಬೆನ್ನು ತಟ್ಟಿದರು. ಗಿಡ ಟೇಬಲ್ ಮೇಲೆ ಒಂದಿಷ್ಟು ವಾಲಿ ನಿಂತಿತ್ತು. ಸಾಹೇಬರು ಆ ವರ್ಗಾವಣೆ ಆರ್ಡರನ್ನು ನಾಲ್ಕಾಗಿ ಮಡಿಸಿ, ಮತ್ತೊಮ್ಮೆ ಮಡಿಸಿ, ಕುಂಡದ ಅಡಿಗೆ ಒತ್ತುಕೊಟ್ಟರು. ಗಿಡ ನೆಟ್ಟಗೆ ನಿಂತಿತು.

"ನೋಡಿ, ಈಗ ಎಷ್ಟು ಚೆನ್ನಾಗಿದೆ!" ಎಂದರು.

ಆಯ್ತಪ್ಪ ಹೊರಗೆ ಬಂದ. ಆಪ್ತ ಸಹಾಯಕ ಬುತ್ತಿ ಬಿಚ್ಚಿದ್ದ. "ಜೀವಂತ ತಂದ್ರಾ?" ಎಂದು ಪಿಸುದನಿಯಲ್ಲಿ ಕೇಳಿದ.

"ಹೂಂ."

"ಮೊಗ್ಗು?"

"ಅದೂ ನೆಟ್ಟಗಿದೆ."

ಆಪ್ತ ಸಹಾಯಕ ತುತ್ತನ್ನು ಹಾಗೇ ಕೆಳಗಿಟ್ಟ. "ಅಯ್ಯೋ ಪುಣ್ಯಾತ್ಮ, ಯಾರಾದ್ರೂ ಹಾಗೆ ಮಾಡ್ತಾರೇನ್ರೀ? ನಾನೂ ಒಂದು ಗಿಡ ತಂದವನೇ. ಗಡಿ ಕಡೆಯ ಬ್ರಾಂಚಲ್ಲಿದ್ದೆ. ಸಾಹೇಬರು ಅಲ್ಲಿಂದಲೂ ಒಂದು ಗಿಡ ತರಿಸಿದ್ರು. ಬಸ್ಸಲ್ಲಿ ತಂದೆ, ಕಾಲಡಿ ಇಟ್ಕೊಂಡು ನಿದ್ದೆ ಹೋದೆ. ಎದ್ದು ನೋಡಿದ್ರೆ ಅದರ ಮೇಲೆ ಯಾರದ್ದೋ ಟ್ರಂಕು. ಸಾಹೇಬರು ಕೆಂಡಾಮಂಡಲ ಆದ್ರು. 'ಇವನನ್ನ ಇನ್ನು ನನ್ನ ಗಿಡಗಳಿರೋ ಆ ಊರಲ್ಲಿ ಬಿಡಬೇಡಿ, ಇಲ್ಲಿ ನನ್ನ ಕಣ್ಣೆದುರಿಗೇ ಕೂರಿಸಿ' ಅಂತ ಅವತ್ತೇ ಆರ್ಡರ್ ಮಾಡಿಸಿದ್ರು. ಈಗ ನಮ್ಮ ಮನೆ ಇಲ್ಲೇ ಹಿಂದಿನ ಬೀದೀಲಿ. ಬೇಜಾರು ಮಾಡ್ಕೋಬೇಡಿ, ಒಂದು ತುತ್ತು ತಿನ್ನಿ."

ಆಯ್ತಪ್ಪ ತಿನ್ನಲಿಲ್ಲ. ಮೆಟ್ಟಿಲಿಳಿಯುವಾಗ ಜೇಬಿನಲ್ಲಿ ಫೋನು ಬಡಿದುಕೊಂಡಿತು.

"ಏನಾಯ್ತ್ರೀ?" ಹೆಂಡತಿ ಒಂದೇ ಉಸಿರಿನಲ್ಲಿ ಕೇಳಿದಳು. "ಮೊಗ್ಗು ಉಳೀತಾ?"

"ಉಳೀತು ಕಣೆ."

"ಅಬ್ಬ! ಬೆಳಿಗ್ಗೆಯಿಂದ ಎದೆ ಹೊಡ್ಕೋತಿತ್ತು ನಂಗೆ. ಇಲ್ಲಿ ಕೇಳಿ, ಇವಳು ಕಪಾಟಲ್ಲಿ ತನ್ನ ಬೊಂಬೆಗಳನ್ನೆಲ್ಲ ತೆಗೆದು ನಿಮ್ಮ ಬಟ್ಟೆಗೆ ಜಾಗ ಮಾಡ್ತಿದಾಳೆ. ಒಂದು ಖಾನೆ ಸಾಕಾ, ಎರಡು ಬೇಕಾ ಅಂತ ಕೇಳ್ತಿದಾಳೆ. ಏನು ಹೇಳ್ಲಿ?"

ಆಯ್ತಪ್ಪ ಮೆಟ್ಟಿಲ ಮೇಲೆಯೇ ಕೂತುಬಿಟ್ಟ.

"ಬೊಂಬೆಗಳು ಅಲ್ಲೇ ಇರ್ಲಿ ಅಂತ ಹೇಳೆ," ಎಂದ. "ಒಂದು ಕೈಚೀಲ ಇಡೋಷ್ಟು ಜಾಗ ಸಾಕು."